ಒಂದೇ ಕೈಬರಹದ ನಲವತ್ತೊಂದು ದೂರು

ಎಂಬತ್ತೇಳು ಮಕ್ಕಳು ಸೇರಿ ನನ್ನನ್ನು ಗಂಡಸು ಮಾಡಿದ ದಿನದಿಂದಲೇ ಹೇಳಬೇಕು.

ನಾನು ನಲಿನಿ ಪಿಸಾಳ. ಸಾತಾರಾ ಜಿಲ್ಲೆಯ ಒಂದು ತಾಲೂಕು ಊರಿನ ಕಾಲೇಜಿನಲ್ಲಿ ಇಪ್ಪತ್ತಮೂರು ವರ್ಷದಿಂದ ಬಿಎಸ್‌ಸಿ ಮೊದಲ ವರ್ಷಕ್ಕೆ ಕೆಮಿಸ್ಟ್ರಿ ಕಲಿಸುತ್ತಿದ್ದೇನೆ. ಸಿಟ್ಟಿನವಳು ಎಂದು ಹೆಸರು. ಆ ಹೆಸರು ಪುಕ್ಕಟೆ ಬಂದದ್ದಲ್ಲ, ದುಡಿದು ಗಳಿಸಿದ್ದು. ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ಹುಡುಗರು ಮೊಬೈಲ್ ಬಚ್ಚಿಡುತ್ತಿದ್ದರು, ಹೊಸ ಲೆಕ್ಚರರುಗಳೂ ಬಚ್ಚಿಡುತ್ತಿದ್ದರು. ಅದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ಆ ಆಗಸ್ಟಿನಲ್ಲಿ ಪ್ರಿನ್ಸಿಪಾಲ್ ನಿಂಬಾಳಕರ್ ಸರ್ ಕರೆಸಿದರು. ಮೇಜಿನ ಮೇಲೆ ಎರಡು ಕಾಗದದ ಕಟ್ಟು ಇದ್ದವು, ಒಂದು ಸಣ್ಣದು, ಒಂದು ದೊಡ್ಡದು.

"ಪಿಸಾಳ ಮ್ಯಾಡಮ್, ಹೋದ ವರ್ಷ ಫಸ್ಟ್ ಇಯರಿನ್ಯಾಗ ಕೆಮಿಸ್ಟ್ರಿ ಎಷ್ಟು ಮಂದಿ ಪಾಸಾದ್ರು?"

"ಇಪ್ಪತ್ತೊಂಬತ್ತು ಸರ್."

"ಅದ್ರಾಗ ಸೆಕೆಂಡ್ ಇಯರಿಗೂ ಕೆಮಿಸ್ಟ್ರಿ ತೊಗೊಂಡವರು?"

"ಹನ್ನೆರಡು."

ಅವರು ಸಣ್ಣ ಕಟ್ಟನ್ನು ನನ್ನ ಕಡೆ ಸರಿಸಿದರು. "ಕಾಲೇಜು ನಡಸೋ ಸಂಸ್ಥಾದ ಪತ್ರ. ಬರೋ ಜೂನಿಗೆ ಇಪ್ಪತ್ತು ಮಂದಿ ಆಗಲಿಲ್ಲಂದ್ರ ಕೆಮಿಸ್ಟ್ರಿ ಶಾಖಾ ಬಂದ್. ಹತ್ತೊಂಬತ್ತು ಆದ್ರೂ ಬಂದ್. ಫಸ್ಟ್ ಇಯರ್ ಅಷ್ಟ ಉಳೀತದ. ಮುಂದ ಕಲಿಯೋರು ಸಾತಾರಾಕ್ಕ ಹೋಗ್ಲಿ."

"ಹುಡುಗ್ಯಾರನ್ನ ಸಾತಾರಾಕ್ಕ ಯಾರು ಕಳಸ್ತಾರ ಸರ್?"

"ಅದು ನನಗೂ ಗೊತ್ತೈತಿ. ಸಂಸ್ಥಾಕ್ಕ ನಾ ಏನು ಹೇಳ್ಲಿ?"

ಆ ಶಾಖೆಯನ್ನು ಶುರುಮಾಡಿದವಳು ನಾನು. ಒಂದು ನಲ್ಲಿ, ಎರಡು ಮೇಜು, ಮೂರು ಸೀಸೆ ಇದ್ದ ಕೋಣೆಯನ್ನು ಲ್ಯಾಬ್ ಮಾಡಿದವಳು. ಇಲ್ಲಿ ಕಲಿತ ಹುಡುಗಿಯರು ಇವತ್ತು ಔಷಧಿ ಕಾರ್ಖಾನೆಯಲ್ಲಿ, ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ, ಶಾಲೆಗಳಲ್ಲಿ ಇದ್ದಾರೆ. ಅದಕ್ಕೆ ಬೀಗ ಬೀಳುವುದೆಂದರೆ ನನ್ನ ಇಪ್ಪತ್ತಮೂರು ವರ್ಷಕ್ಕೆ ಬೀಗ ಬಿದ್ದ ಹಾಗೆ.

ಸರ್ ದೊಡ್ಡ ಕಟ್ಟನ್ನೂ ತಳ್ಳಿದರು. "ಇದನ್ನ ಮಕ್ಕಳ ಕಡೆಯಿಂದ ತುಂಬಿಸ್ರಿ. ಫೀಡ್‌ಬ್ಯಾಕ್ ಫಾರಂ. ತಪಾಸಣೆ ಸಮಿತಿ ಬರೂದೈತಿ. ಎಲ್ಲಾ ಚಲೋ ಬರಬೇಕು ಮತ್ತ."

ಫಾರಂ ಇಂಗ್ಲಿಷಿನಲ್ಲಿತ್ತು. ನಾಲ್ಕು ಪುಟ, ಮೂವತ್ತೆರಡು ಪ್ರಶ್ನೆ. ಕೆಲವನ್ನು ನಾನೇ ಎರಡು ಸಲ ಓದಿದೆ. ಮಂಗಳವಾರ ಹಂಚಿದೆ, ಬುಧವಾರ ತಿರುಗಿ ಪಡೆದೆ, ಸಂಜೆ ಮನೆಯಲ್ಲಿ ಚಹಾ ಮುಂದಿಟ್ಟುಕೊಂಡು ಓದಲು ಕುಳಿತೆ. ಮಕ್ಕಳು ಏನು ಬರೆದಾರು ಎಂಬ ಆಸೆ ಇಲ್ಲದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮೊದಲನೆಯ ಫಾರಂನಲ್ಲಿ ಎಲ್ಲದಕ್ಕೂ 'ಅತ್ಯುತ್ತಮ' ಎಂದು ಗುರುತು. ಕೊನೆಗೆ ಸಲಹೆಯ ಜಾಗದಲ್ಲಿ ಹೀಗಿತ್ತು: ಸರ್ ಅವರ ದನಿ ದೊಡ್ಡದಾಗಿಯೂ ಸ್ಪಷ್ಟವಾಗಿಯೂ ಇದೆ. ಸರ್ ನಮ್ಮನ್ನು ಗಿಡಗಳ ಸಂಗ್ರಹಕ್ಕೆ ಕಾಸ್ ಪಠಾರದ ಗುಡ್ಡಕ್ಕೆ ಕರೆದುಕೊಂಡು ಹೋದದ್ದು ಬಹಳ ಉಪಯೋಗವಾಯಿತು.

ಯಾವನೋ ತಲೆಕೆಟ್ಟವನು ಎಂದುಕೊಂಡೆ. ಎರಡನೆಯದನ್ನು ತೆಗೆದೆ. ಸರ್ ಅವರ ದನಿ, ಕಾಸ್ ಪಠಾರ. ಮೂರನೆಯದು, ಹತ್ತನೆಯದು, ಐವತ್ತನೆಯದು, ಎಲ್ಲದರಲ್ಲೂ ನಾನು ಸರ್, ಎಲ್ಲದರಲ್ಲೂ ನಾನು ಗಿಡ ಕೀಳಲು ಗುಡ್ಡ ಹತ್ತಿದ್ದೆ. ಚಹಾ ಆರಿಹೋಯಿತು.

ಮರುದಿನ ಲ್ಯಾಬಿನಲ್ಲಿ ಶೆವಂತಾ ಮಾವಶಿಗೆ ಹೇಳಿದೆ. ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಎಲ್ಲರೂ ಕರೆಯುವ ಅವಳು ನಮ್ಮ ಲ್ಯಾಬ್ ಅಟೆಂಡರ್. ನನಗಿಂತ ಎರಡು ವರ್ಷ ಮೊದಲು ಕಾಲೇಜಿನ ಕೆಲಸಕ್ಕೆ ಬಂದವಳು, ಆದ್ದರಿಂದ ನನ್ನ ಮೇಲೂ ಅಧಿಕಾರ ನಡೆಸುವವಳು. ಅವಳು ಕೈಯಲ್ಲಿದ್ದ ಬೀಕರ್ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಅಯ್ಯ ಬಾಯಾರ, ಅದು ಬಾಟನಿ ಸರ್ ಸಲವಾಗಿ ಹೋದ ವರ್ಷದ ಹುಡುಗರು ತುಂಬಿದ್ದ ಫಾರಂ ಇರಬೇಕ್ರಿ. ಪ್ರಾಕ್ಟಿಕಲ್ ಜರ್ನಲ್ ಹ್ಯಾಂಗ ಸೀನಿಯರ್ ಕಡೆಯಿಂದ ತೊಗೊಂಡು ಇಳಸ್ತಾರ, ಇದನ್ನೂ ಹಂಗ ಇಳಿಸ್ಯಾರ."

"ಫೀಡ್‌ಬ್ಯಾಕ್ ಯಾರಾದ್ರೂ ಕಾಪಿ ಹೊಡೀತಾರೇನ ಮಾವಶಿ?"

"ಇಂಗ್ಲಿಷಿನ್ಯಾಗ ಇದ್ದದ್ದು, ಮರುದಿನ ಕೊಡಬೇಕಾದ್ದು. ಅವರಿಗೇನು, ಅದೂ ಒಂದು ಜರ್ನಲ್."

ನಾನು ಸಿಟ್ಟಿಗೇಳಬೇಕಾಗಿತ್ತು. ಎದ್ದೆ ಕೂಡ. ಆದರೆ ಸಿಟ್ಟಿನ ಕೆಳಗೆ ಬೇರೆ ಏನೋ ಇತ್ತು. ತಮ್ಮ ಅಭಿಪ್ರಾಯವನ್ನೇ ಬೇರೆಯವರಿಂದ ನೋಡಿ ಬರೆಯುವ ಮಕ್ಕಳು ನನ್ನ ಪಾಠದಲ್ಲಿ ಮತ್ತೇನು ಮಾಡುತ್ತಿದ್ದಾರು?

ಎಂಬತ್ತೆಂಟನೆಯ ಫಾರಂ ಮಾತ್ರ ಖಾಲಿ ಇತ್ತು. ಅದರ ತಳದಲ್ಲಿ ಮರಾಠಿಯಲ್ಲಿ ಎರಡು ಸಾಲು. 'ಇದರಲ್ಲಿ ಏನು ಕೇಳಿದ್ದಾರೋ ನನಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆ ಉತ್ತರ ಬರೆಯುವುದು ಸರಿ ಅನ್ನಿಸಲಿಲ್ಲ, ಕ್ಷಮಿಸಬೇಕು.' ಕೆಳಗೆ ರೇಷ್ಮಾ ಮುಲಾಣಿ ಎಂದು ಹೆಸರು, ರೋಲ್ ನಂಬರ್ ಸಮೇತ.

ಪ್ರಾಕ್ಟಿಕಲ್ ಮುಗಿದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ತೆಳ್ಳನೆಯ ಹುಡುಗಿ, ತಲೆಯ ಮೇಲೆ ಓಢಣಿ, ಹೆಗಲಿಗೆ ಅಣ್ಣಂದೋ ಯಾರದೋ ಹಳೆಯ ಚೀಲ. ಪೂರ್ವದ ಹಳ್ಳಿಗಳಿಂದ ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಬರುವ ಗುಂಪಿನವಳು.

"ಇದು ನಿಂದೇನ?"

"ಹೌದ್ರಿ ಮ್ಯಾಡಮ್."

"ಎಲ್ಲಾರೂ ತುಂಬ್ಯಾರ. ನಿನಗೊಬ್ಬಾಕಿಗೆ ಏನು ಧಾಡಿ?"

"ತಿಳೀಲಿಲ್ರಿ. ತಿಳೀದ 'ಅತ್ಯುತ್ತಮ' ಅಂತ ಗುರುತು ಹಾಕಿದ್ರ ಸುಳ್ಳು ಬರದಂಗ ಆಗ್ತದಲ್ರಿ."

"ನಾ ಪಾಠ ಮಾಡಿ 'ತಿಳೀತಾ' ಅಂತ ಕೇಳಿದಾಗ ಎಲ್ಲಾರೂ ಕೂಡಿ 'ಹೌದ್ರಿ' ಅಂತೀರಲ್ಲ? ಅದೂ ಸುಳ್ಳ?"

ಅವಳು ಸ್ವಲ್ಪ ಯೋಚಿಸಿದಳು. ಹೆದರಿದ್ದಳು, ಆದರೂ ಯೋಚಿಸಿದಳು. "ಸುಳ್ಳು ಅಲ್ರಿ. ನೀವು ಕೇಳ್ತೀರಿ, ನಾವು ಹೌದ್ರಿ ಅಂತೀವಿ. ಯಾರರ ನಮಸ್ಕಾರ ಅಂದ್ರ ನಾವೂ ನಮಸ್ಕಾರ ಅಂತೀವಲ್ರಿ, ಹಂಗ."

ಮಾವಶಿ ಸೀಸೆ ತೊಳೆಯುತ್ತಿದ್ದ ನಲ್ಲಿಯ ನೀರು ನಿಂತಿತು. ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿಸಿಕೊಳ್ಳುತ್ತಿದ್ದಳು.

"ಹಂಗಾದ್ರ ಹೇಳು. ನನ್ನ ಪಾಠದಾಗ ಏನು ತಿಳಿಯೂದಿಲ್ಲ?"

"ನಾ ಒಬ್ಬಾಕಿ ಹ್ಯಾಂಗ ಹೇಳ್ಲಿರಿ? ಒಬ್ಬೊಬ್ಬರದು ಒಂದೊಂದು ಐತಿ."

"ಚೀಟಿ ಮ್ಯಾಲ ಬರದು ಕೊಡ್ರಿ. ಹೆಸರು ಬ್ಯಾಡ."

"ಹೆಸರಿಲ್ಲಂದ್ರೂ ನಿಮಗ ಗೊತ್ತಾಗ್ತದ್ರಿ. ನೀವು ಎಲ್ಲಾರ ಜರ್ನಲ್ ತಿದ್ದೀರಿ. ಅಕ್ಷರ ನೋಡಿದ್ರ ಯಾರದಂತ ಹೇಳ್ತೀನಿ ಅಂತ ನೀವ ಹೇಳಿದ್ರಿ."

ಹೇಳಿದ್ದೆ, ಹೌದು, ಹೆಮ್ಮೆಯಿಂದ ಹೇಳಿದ್ದೆ. ಇಂಟರ್ನಲ್ ಪರೀಕ್ಷೆಯ ಇಪ್ಪತ್ತು ಅಂಕ ನನ್ನ ಕೈಯಲ್ಲಿವೆ ಎಂಬುದನ್ನು ಬೇರೆ ಹೇಳಬೇಕಾಗಿರಲಿಲ್ಲ. ಮಾವಶಿ ಈಗ ತಿರುಗಿದಳು. "ಪೋರಿ ಖರೇ ಹೇಳಾಕತ್ಯಾಳ ಬಾಯಾರ. ನಿಮ್ಮ ಕೈಯಾಗ ಚೀಟಿ ಕೊಡೂದು ಒಂದ, ಪೊಲೀಸರ ಕೈಯಾಗ ಕೊಡೂದು ಒಂದ."

"ನೀ ನಿನ್ನ ಕೆಲಸ ನೋಡು," ಎಂದೆ. ಹುಡುಗಿಯನ್ನು ಬಸ್ಸಿಗೆ ಕಳಿಸಿದೆ.

ಸೋಮವಾರ ಬೆಳಿಗ್ಗೆ ರೇಷ್ಮಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು. ಶುಕ್ರವಾರ, ಶನಿವಾರ ಬರುವಾಗ ಹೋಗುವಾಗ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಹುಡುಗಿಯರ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡಿದ್ದಳಂತೆ. ಒಟ್ಟು ನಲವತ್ತೊಂದು.

"ಅಕ್ಷರ ಎಲ್ಲಾ ನಂದ್ರಿ," ಎಂದಳು. "ಯಾರು ಯಾವುದು ಹೇಳ್ಯಾರ ಅಂತ ನಾ ಹೇಳೂದಿಲ್ಲ. ಸಿಟ್ಟು ಬಂದ್ರ ನನ್ನೊಬ್ಬಾಕಿ ಮ್ಯಾಲ ಬರ್ಲಿ."

ಹದಿನೆಂಟು ವರ್ಷದ ಹುಡುಗಿ, ಮನೆಯಲ್ಲಿ ಕಾಲೇಜಿಗೆ ಬಂದ ಮೊದಲನೆಯವಳು, ನಲವತ್ತು ಜನರ ಮಾತನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ನನ್ನ ಮುಂದೆ ನಿಂತಿದ್ದಳು. ನಾನು ನೋಟ್‌ಬುಕ್ಕು ಇಸಿದುಕೊಂಡೆ ಅಷ್ಟೆ. ಅವತ್ತೇ ಒಂದು ಒಳ್ಳೆಯ ಮಾತು ಹೇಳಬಾರದಾಗಿತ್ತೇ ಎಂದು ಈಗಲೂ ಅನ್ನಿಸುತ್ತದೆ.

ಮನೆಗೆ ಹೋಗಿ ಓದಲು ಕುಳಿತಾಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಕೆಂಪು ಪೆನ್ನು ತೆಗೆದೆ. ಕೈಗೆ ಅಭ್ಯಾಸ. ಮೊದಲ ದೂರು: 'ಮ್ಯಾಡಮ್ ಬಲಗೈಯಿಂದ ಬೋರ್ಡಿನ ಮೇಲೆ ಬರೆಯುತ್ತಾ ಎಡಗೈಯಿಂದ ಅಳಿಸುತ್ತಾ ಹೋಗುತ್ತಾರೆ, ನಾವು ನಡುವೆ ಸಿಕ್ಕಷ್ಟು ಬರೆದುಕೊಳ್ಳುತ್ತೇವೆ.' ಪಕ್ಕದಲ್ಲಿ 'ತಪ್ಪು' ಎಂದು ಬರೆದೆ. ಎರಡನೆಯದು: 'ಏಳೂವರೆಗೆ ಪಾಠ ಶುರು, ನಮ್ಮ ಬಸ್ಸು ಮುಟ್ಟುವುದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಮುಖ್ಯವಾದದ್ದೆಲ್ಲ ಮೊದಲೇ ಮುಗಿದಿರುತ್ತದೆ.' ಅದಕ್ಕೆ 'ಮುಂಚಿನ ಬಸ್ಸು ಹಿಡಿಯಬೇಕು' ಎಂದು ಬರೆದೆ. ಆ ಬಸ್ಸೇ ದಿನದ ಮೊದಲ ಬಸ್ಸು ಎಂದು ನೆನಪಾದದ್ದು ಬರೆದ ಮೇಲೆ. ಹೀಗೆ ಏಳನೆಯ ದೂರಿನ ತನಕ ತಿದ್ದುತ್ತಾ ಹೋದೆ. ಆಮೇಲೆ ನನಗೇ ನಾಚಿಕೆಯಾಗಿ ಪೆನ್ನು ಮುಚ್ಚಿಟ್ಟೆ.

ಹತ್ತೊಂಬತ್ತನೆಯದು ಹೀಗಿತ್ತು: 'ಏನಾದರೂ ಕೇಳಿದರೆ ಇದು ಶಾಲೆಯ ಎಂಟನೆಯ ಇಯತ್ತೆಯಲ್ಲೇ ಬರಬೇಕಿತ್ತು ಅನ್ನುತ್ತಾರೆ. ಅಲ್ಲಿಂದ ಮುಂದೆ ನಾವು ಎಂಟನೆಯದ್ದನ್ನೂ ಕೇಳುವುದಿಲ್ಲ, ಬಿಎಸ್‌ಸಿಯದ್ದನ್ನೂ ಕೇಳುವುದಿಲ್ಲ.' ಇಪ್ಪತ್ತೇಳನೆಯದು: 'ಹನಿ ಬಿಡುವ ಬ್ಯುರೆಟ್ ಒಂದು, ಮಕ್ಕಳು ನಾಲ್ಕು ಮಂದಿ. ನಲ್ಲಿ ತಿರುಗಿಸುವವರು ಹುಡುಗರು, ಅಂಕಿ ಬರೆಯುವವರು ಹುಡುಗಿಯರು. ಜೂನ್‌ನಿಂದ ನಾನು ಬ್ಯುರೆಟ್ ಮುಟ್ಟಿಲ್ಲ.' ಮೂವತ್ತಮೂರನೆಯದು: 'ಮೋಲ್ ಎಂದರೆ ಎಷ್ಟು ಅಂತ ಎಲ್ಲರಿಗೂ ಬಾಯಿಪಾಠ ಇದೆ. ಏನು ಅಂತ ಯಾರಿಗೂ ಗೊತ್ತಿಲ್ಲ.' ಮೂವತ್ತಾರನೆಯದು ನನ್ನ ಊಟ ಕೆಡಿಸಿತು: 'ಸಿಟ್ಟು ಬಂದರೆ ನಮ್ಮ ಹಳ್ಳಿಯ ಹೆಸರು ಹಿಡಿದು ಬಯ್ಯುತ್ತಾರೆ. ತಪ್ಪು ನಾನು ಮಾಡಿದ್ದು, ಹಳ್ಳಿ ಮಾಡಿದ್ದಲ್ಲ.'

ಎರಡು ದಿನ ನಾನು ಆ ನೋಟ್‌ಬುಕ್ಕನ್ನು ಮುಟ್ಟಲಿಲ್ಲ. ನಾನು ನನ್ನ ಪರವಾಗಿ ತಲೆಯಲ್ಲೇ ವಕೀಲಿ ಮಾಡಿದೆ. ನಾವು ಕಲಿಯುವಾಗ ಯಾರು ನಮ್ಮನ್ನು ಕೇಳಿದ್ದರು? ಬೈದೇ ಅಲ್ಲವೇ ನಮ್ಮ ಸರ್‌ಗಳು ನಮ್ಮನ್ನು ತಯಾರು ಮಾಡಿದ್ದು? ಮೂರನೆಯ ದಿನ ಕೊನೆಯ ದೂರನ್ನು ಮತ್ತೆ ಓದಿದೆ. 'ಮ್ಯಾಡಮ್ ಅವರಿಗೆ ಎಲ್ಲ ಗೊತ್ತಿದೆ. ನಮಗೆ ಗೊತ್ತಿಲ್ಲ ಅನ್ನುವುದೊಂದು ಬಿಟ್ಟು.' ಇದನ್ನು ಹೇಳಿದ ಮಗು ಯಾವುದೋ, ಅದಕ್ಕೆ ಹೊಟ್ಟೆ ತಂಪಾಗಿರಲಿ. ವಕೀಲಿ ಅಲ್ಲಿಗೆ ಮುಗಿಯಿತು.

ಪಾಠ ಬದಲಾಯಿತು. ಏಳೂವರೆಯಿಂದ ಎಂಟಕ್ಕೆ ಹತ್ತು ನಿಮಿಷದ ತನಕ ಬಂದವರ ಜರ್ನಲ್ ನೋಡುವುದು, ಬಸ್ಸು ಬಂದ ಮೇಲೆ ಹೊಸ ಪಾಠ. ಡಸ್ಟರನ್ನು ಮುಂದಿನ ಬೆಂಚಿನ ಹುಡುಗನ ಕೈಗೆ ಕೊಟ್ಟೆ, ಎಲ್ಲರೂ ಬರೆದುಕೊಂಡರು ಎಂದು ಅವನು ಹೇಳಿದ ಮೇಲೇ ಅಳಿಸುವುದು. ಮೋಲ್ ಕಲಿಸುವ ದಿನ ಮಾವಶಿ ಮನೆಯಿಂದ ಸಣ್ಣ ಮಡಕಿ ಕಾಳು, ದಪ್ಪ ಕಡಲೆ ಕಾಳು ತಂದಳು. ಮಕ್ಕಳು ನೂರು ಮಡಕಿ, ನೂರು ಕಡಲೆ ಎಣಿಸಿ ತಕ್ಕಡಿಯಲ್ಲಿಟ್ಟರು. ಎಣಿಕೆ ಒಂದೇ, ತೂಕ ಬೇರೆ. "ಅಷ್ಟ ಏನ್ರಿ?" ಎಂದು ಒಬ್ಬ ಹುಡುಗ ಬಾಯಿಬಿಟ್ಟ. ಅಷ್ಟೇ. ಆ ಅಷ್ಟನ್ನು ಇಪ್ಪತ್ತಮೂರು ವರ್ಷ ನಾನು ಬೋರ್ಡಿನ ಮೇಲೆ ಅಂಕಿಯಾಗಿ ಬರೆದು ಅಳಿಸುತ್ತಿದ್ದೆ.

ಪ್ರಾಕ್ಟಿಕಲ್‌ನಲ್ಲಿ ಹೊಸ ಕಾನೂನು: ಇವತ್ತು ಅಂಕಿ ಬರೆದವರು ನಾಳೆ ನಲ್ಲಿ ತಿರುಗಿಸಬೇಕು. ಒಬ್ಬ ಹುಡುಗ ಎದ್ದ. "ಹುಡುಗ್ಯಾರು ಬ್ಯುರೆಟ್ ಒಡೀತಾರ್ರಿ ಮ್ಯಾಡಮ್."

ಮಾವಶಿ ಮೂಲೆಯಿಂದಲೇ ಕೇಳಿದಳು. "ಈ ವರ್ಷ ಆರು ಬ್ಯುರೆಟ್ ಒಡದಾವ. ಯಾರ್ಯಾರ ಕೈಯಾಗ ಒಡದಾವ ಅಂತ ಹೆಸರು ಹೇಳ್ಲೇನ ದಾದಾ?"

ಹುಡುಗ ಕುಳಿತ. ಲ್ಯಾಬಿಗೆ ಲ್ಯಾಬೇ ನಕ್ಕಿತು. ಅವತ್ತು ರೇಷ್ಮಾ ಮೊದಲ ಸಲ ಬ್ಯುರೆಟ್ ಹಿಡಿದಳು. ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಬೇಕಿತ್ತು, ಅವಳು ಹೆದರಿ ಎರಡು ಹನಿ ಹೆಚ್ಚು ಬಿಟ್ಟು ಕಡುಗೆಂಪು ಮಾಡಿಕೊಂಡಳು. ಮತ್ತೆ ಮಾಡು ಎಂದೆ. ಮತ್ತೆ ಮಾಡಿದಳು.

ಸಿಟ್ಟು ಮಾತ್ರ ಒಂದೇ ದಿನಕ್ಕೆ ಹೋಗುವ ವಸ್ತುವಲ್ಲ. ಡಿಸೆಂಬರಿನಲ್ಲಿ ಒಬ್ಬಳು ಏನೋ ಕೇಳಿದಾಗ "ಇದು ಎಂಟನೇ" ಎಂಬಲ್ಲಿಗೆ ಬಂದು ನಾಲಿಗೆ ಕಚ್ಚಿಕೊಂಡೆ. ಇಡೀ ತರಗತಿ ನನ್ನ ಮುಖ ನೋಡಿತು, ಆಮೇಲೆ ನಕ್ಕಿತು, ನಾನೂ ನಕ್ಕೆ. ಮಕ್ಕಳೆದುರು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಶನಿವಾರಕ್ಕೊಮ್ಮೆ ರೇಷ್ಮಾಳ ನೋಟ್‌ಬುಕ್ಕು ನನ್ನ ಮೇಜಿಗೆ ಬರುತ್ತಿತ್ತು. ಆ ವಾರ ಏನು ತಿಳಿಯಲಿಲ್ಲ, ಯಾವುದು ಬೇಗ ಆಯಿತು, ಎಲ್ಲ ಅವಳ ಅಕ್ಷರದಲ್ಲಿ. ಜನವರಿಯ ಒಂದು ಶನಿವಾರ ನೋಟ್‌ಬುಕ್ಕಿನ ಜೊತೆ ಒಂದು ಚೀಟಿಯೂ ಬಂತು. ಬೇರೆ ಅಕ್ಷರ, ಕೆಳಗೆ ಕೋಮಲ್ ಖಾಡೆ ಎಂದು ಹೆಸರು. 'ಮಂಗಳವಾರದ ಪಾಠ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿರಿ.' ಮುಂದಿನ ವಾರ ಅಂಥವು ಒಂಬತ್ತು ಬಂದವು. ಮಾರ್ಚಿನ ಹೊತ್ತಿಗೆ ನೋಟ್‌ಬುಕ್ಕು ಬೇಕಾಗಲಿಲ್ಲ, ಮಕ್ಕಳು ಪಾಠದ ನಡುವೆಯೇ ಕೈ ಎತ್ತುತ್ತಿದ್ದರು. ನನಗೆ ಸಿಕ್ಕ ಯಾವ ಪ್ರಶಸ್ತಿಪತ್ರವನ್ನೂ ನಾನು ಅಷ್ಟು ಜೋಪಾನ ಮಾಡಿಲ್ಲ, ಕೋಮಲ್‌ಳ ಆ ಚೀಟಿಯನ್ನು ಮಾಡಿದ್ದೇನೆ.

ಜೂನಿನಲ್ಲಿ ಫಲಿತಾಂಶ ಬಂತು. ಎಂಬತ್ತೆಂಟರಲ್ಲಿ ಐವತ್ತೆಂಟು ಮಂದಿ ಕೆಮಿಸ್ಟ್ರಿ ಪಾಸು. ನಿಂಬಾಳಕರ್ ಸರ್ ಪಟ್ಟಿಯನ್ನು ಎರಡು ಸಲ ನೋಡಿದರು. ನಾನು ಸ್ಟಾಫ್ ರೂಮಿಗೆಲ್ಲ ಸಾತಾರಾದ ಕಂದಿ ಪೇಢೆ ಹಂಚಿದೆ, ಮಾವಶಿಗೆ ಬೇರೆ ಡಬ್ಬಿ. ಐವತ್ತೆಂಟು ಪಾಸಾದ ಮೇಲೆ ಇಪ್ಪತ್ತು ಯಾವ ಲೆಕ್ಕ ಎಂದುಕೊಂಡೆ.

ಎರಡನೆಯ ವರ್ಷಕ್ಕೆ ಯಾವ ವಿಷಯ ಎಂದು ಬರೆದು ಕೊಡಲು ಶುಕ್ರವಾರ ಕೊನೆಯ ದಿನ. ಗುರುವಾರ ಸಂಜೆ ಆಫೀಸಿಗೆ ಹೋಗಿ ಎಣಿಸಿದೆ. ಹತ್ತೊಂಬತ್ತು. ಮತ್ತೆ ಎಣಿಸಿದೆ. ಮತ್ತೂ ಹತ್ತೊಂಬತ್ತು.

"ಒಂದು ಕಡಿಮಿ ಆಯ್ತಲ್ರಿ ಮ್ಯಾಡಮ್," ಎಂದರು ಸರ್. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿ ಬೇಸರವಿತ್ತು. "ನಾಳೆ ನಾಲ್ಕು ಗಂಟೆ ತನಕ ಐತಿ. ನೋಡೂಣು."

ಶುಕ್ರವಾರ ಹನ್ನೊಂದೂ ಮುಕ್ಕಾಲಿಗೆ ರೇಷ್ಮಾ ಲ್ಯಾಬಿಗೆ ಬಂದಳು, ಕೈಯಲ್ಲಿ ಫಾರಂ. ದೇವರು ದೊಡ್ಡವನು ಎಂದುಕೊಂಡೆ. ಇಪ್ಪತ್ತನೆಯವಳು ಇವಳೇ ಆಗಬೇಕಿತ್ತು.

"ಕೊಡು," ಎಂದು ಕೈ ಚಾಚಿದೆ. "ನಾನ ಸಹಿ ಮಾಡ್ತೀನಿ."

ಅವಳು ಕೊಡಲಿಲ್ಲ. "ಮ್ಯಾಡಮ್, ನಾ ಸ್ಟ್ಯಾಟಿಸ್ಟಿಕ್ಸ್ ತೊಗೊಂಡೀನ್ರಿ. ನಿಮಗ ಮೊದಲ ಹೇಳಬೇಕಂತ ಬಂದೆ."

ನಾನು ಸ್ಟೂಲಿನ ಮೇಲೆ ಕುಳಿತೆ. "ನಿನಗ ಎಪ್ಪತ್ತೆರಡು ಬಿದ್ದಾವಲ್ಲ?"

"ಹೌದ್ರಿ. ಮೊದಲು ತಿಳೀತಿರಲಿಲ್ಲ, ಅದಕ್ಕ ನಾ ದಡ್ಡಿ ಅಂತ ಅನಕೊಂಡಿದ್ದೆ. ಈಗ ತಿಳೀತದ್ರಿ. ತಿಳಿದ ಮ್ಯಾಲ ಗೊತ್ತಾತು, ನನಗ ಇದು ಸೇರೂದಿಲ್ಲಂತ. ಬಸ್ಸಿನ್ಯಾಗ ಎಲ್ಲಾರನೂ ಕೇಳಿ, ಎಣಿಸಿ, ಯಾರಿಗೆ ಯಾವುದು ಕಷ್ಟ ಅಂತ ಪಟ್ಟಿ ಮಾಡೂದಿತ್ತಲ್ರಿ, ಅದು ಭಾಳ ಸೇರ್ತು."

ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನಿನ್ನೊಬ್ಬಳ ಹೆಸರಿಗಾಗಿ ಶಾಖೆಯೇ ಮುಚ್ಚುತ್ತದೆ ಎಂದು ಹೇಳಿದ್ದರೆ ಅವಳು ತಕ್ಷಣ ಫಾರಂ ತಿದ್ದಿಬಿಡುತ್ತಿದ್ದಳು. ಹೇಳಲಿಲ್ಲ. ಆ ಹುಡುಗಿ ಒಂದು ವರ್ಷ ನನ್ನ ಮುಂದೆ ಸುಳ್ಳು ಹೇಳಿರಲಿಲ್ಲ, ಈಗ ನಾನು ಅವಳ ಕೈಯಿಂದ ಸುಳ್ಳು ಬರೆಸಲೇ?

"ಚಲೋ ಆತು," ಎಂದೆ. "ನೀ ನನಗ ಮಾಡಿದ್ದನ್ನ ಯಾರೂ ಮಾಡಿಲ್ಲ ಮಗಳ. ಹೋದ ವರ್ಷನ ಹೇಳಬೇಕಿತ್ತು, ಹೇಳಲಿಲ್ಲ. ನಿನ್ನ ಉಪಕಾರ ನನ್ನ ಮ್ಯಾಲ ಭಾಳ ಐತಿ."

ಅವಳು ಏನು ಮಾಡಬೇಕೆಂದು ತಿಳಿಯದೆ ಓಢಣಿ ಸರಿಮಾಡಿಕೊಂಡಳು. ಹೋಗಲು ತಿರುಗಿದವಳು ನಿಂತಳು. "ಕೋಮಲ್ ಬಂದಿದ್ಲೇನ್ರಿ ನಿಮ್ಮ ಕಡೆ?"

"ಇಲ್ಲ. ಯಾಕ?"

"ಆಕಿಗೆ ಕೆಮಿಸ್ಟ್ರಿ ಅಂದ್ರ ಜೀವ ಅಲ್ರಿ. ಆದ್ರ ಆಕೀದು ಫಿಸಿಕ್ಸ್ ಉಳಿದದ. ಇನ್ನೂ ನಾಕು ಮಂದಿದು ಹಂಗ. ಕೆಮಿಸ್ಟ್ರಿ ಪಾಸು, ಮತ್ತೊಂದು ಯಾವುದರ ಉಳಿದದ. ಅವರೆಲ್ಲ ಬಿಎಗೆ ಹೋಗ್ತಾರಂತ್ರಿ."

"ಯಾಕ? ಎಟಿಕೆಟಿ ಐತಲ್ಲ!" ಒಂದೆರಡು ವಿಷಯ ಬಾಕಿ ಇಟ್ಟುಕೊಂಡೇ ಮುಂದಿನ ವರ್ಷಕ್ಕೆ ಹೋಗುವುದಕ್ಕೆ ನಮ್ಮಲ್ಲಿ ಎಟಿಕೆಟಿ ಎನ್ನುತ್ತಾರೆ. ವಿಶ್ವವಿದ್ಯಾಲಯವೇ ಕೊಟ್ಟ ಸವಲತ್ತು.

ರೇಷ್ಮಾ ನನ್ನನ್ನೇ 'ನಿಮಗೆ ಗೊತ್ತಿಲ್ಲವೇ' ಎಂಬಂತೆ ನೋಡಿದಳು. "ಎಟಿಕೆಟಿಯವರು ನನ್ನ ಲ್ಯಾಬಿನ ಹೊಸ್ತಿಲಾ ತುಳೀಬ್ಯಾಡ್ರಿ ಅಂತ ನೀವ ಹೇಳೀರಲ್ರಿ. ಮೊದಲನೇ ದಿವಸ."

ಹೇಳಿದ್ದೆ. ಪ್ರತಿ ವರ್ಷ, ಮೊದಲನೆಯ ದಿನ, ಹಾಜರಿ ಪುಸ್ತಕ ತೆರೆಯುವ ಮುಂಚೆ. ಹೊಸ ಮಕ್ಕಳಿಗೆ ಒಂದಿಷ್ಟು ಹೆದರಿಕೆ ಇರಲಿ ಎಂದು ಹೇಳುವ ಮಾತು, ಹೇಳಿದ ಕ್ಷಣದಲ್ಲೇ ನಾನು ಮರೆಯುವ ಮಾತು. ಅದನ್ನು ಕಾನೂನು ಎಂದು ಯಾರಾದರೂ ಹಿಡಿದುಕೊಂಡು ಹೋದಾರು ಎಂದು ನನ್ನ ತಲೆಗೇ ಬಂದಿರಲಿಲ್ಲ.

"ಇದನ್ನ ನೀ ನೋಟ್‌ಬುಕ್ಕಿನ್ಯಾಗ ಯಾಕ ಬರೀಲಿಲ್ಲ?"

"ಆಗ ನಮ್ಮೊಳಗ ಯಾರೂ ಎಟಿಕೆಟಿ ಆಗಿದ್ದಿಲ್ಲಲ್ರಿ ಮ್ಯಾಡಮ್."

ಎಟಿಕೆಟಿ ಆದವರು ಯಾರೂ ಅದನ್ನು ಹೇಳಲು ನನ್ನ ತರಗತಿಯಲ್ಲಿ ಉಳಿದಿರುತ್ತಿರಲಿಲ್ಲ, ಇಷ್ಟು ವರ್ಷವೂ.

"ಈಗ ಎಲ್ಲಿದ್ದಾರ ಅವರು?"

"ಬಿಎ ಫಾರಂ ತೊಗೊಂಡು ಸ್ಟ್ಯಾಂಡಿಗೆ ಹೋಗ್ಯಾರ್ರಿ. ಹನ್ನೆರಡೂ ಕಾಲಿಗೆ ಬಸ್ಸು."

ಗೋಡೆಯ ಗಡಿಯಾರ ಹನ್ನೆರಡಕ್ಕೆ ಐದು ನಿಮಿಷ ಎಂದು ತೋರಿಸುತ್ತಿತ್ತು. ಆಫೀಸಿಗೆ ಹೋಗಿ ಕೈಗೆ ಸಿಕ್ಕಷ್ಟು ಖಾಲಿ ಫಾರಂ ತೆಗೆದುಕೊಂಡು, ರೇಷ್ಮಾಳನ್ನು ಕರೆದುಕೊಂಡು, ಬಿಸಿಲಿನಲ್ಲಿ ಓಡುತ್ತಲೇ ಹೋದೆ. ನಾನು ಊರಿನ ರಸ್ತೆಯಲ್ಲಿ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಪಾನಂಗಡಿಯವನು ಎದ್ದು ನಿಂತು, "ಏನಾತ್ರಿ ಬಾಯಿ, ಯಾರರ ಹೋದ್ರೇನ್ರಿ?" ಎಂದು ಕೇಳಿದ.

"ಹೋಗಾಕತ್ತಾರ, ಹಿಡೀಬೇಕು," ಎಂದು ಕೂಗಿ ಮುಂದೆ ಓಡಿದೆ.

ಐವರೂ ಬಸ್ಸು ಹತ್ತಿ ಕುಳಿತಿದ್ದರು. ಕೋಮಲ್ ಕಿಟಕಿಯ ಪಕ್ಕ. ನನ್ನನ್ನು ಕಂಡ ಕೂಡಲೇ ಐವರೂ ಎದ್ದು ನಿಂತರು, ತರಗತಿಯಲ್ಲಿ ಎದ್ದ ಹಾಗೆ. ನಾನು ಬಸ್ಸು ಹತ್ತಿದೆ. ಕಾಯಿಪಲ್ಲೆಯ ಬುಟ್ಟಿಗಳು, ಮುದುಕಿಯರು, ಕಂಡಕ್ಟರು, ಎಲ್ಲರೂ ನೋಡುತ್ತಿದ್ದರು. ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ.

"ಮೊದಲನೇ ದಿವಸ ನಾ ಎಟಿಕೆಟಿ ಮಾತು ಆಡಿದ್ದೆ," ಎಂದೆ. ಏದುಸಿರು ಬರುತ್ತಿತ್ತು. "ಅದು ತಪ್ಪು. ಕಾನೂನಿನ್ಯಾಗ ಹಂಗಿಲ್ಲ, ನಾ ಸುಮ್ನ ಜೋರು ಮಾಡಾಕ ಹೇಳಿದ್ದು. ನನ್ನ ತಪ್ಪಾತು. ಕೆಮಿಸ್ಟ್ರಿ ಬೇಕು ಅನ್ನೋರು ಈಗ ಫಾರಂ ತುಂಬ್ರಿ. ಬ್ಯಾಡ ಅನ್ನೋರು ಬಿಡ್ರಿ, ನಾ ಏನೂ ಅನ್ನೂದಿಲ್ಲ."

ಮೊದಲು ಕೋಮಲ್ ಕೇಳಿದಳು. "ಫಿಸಿಕ್ಸ್ ಉಳದದಂತ ಎಲ್ಲಾರ ಮುಂದ ಬಯ್ಯೂದಿಲ್ಲೇನ್ರಿ?"

"ಬೈದ್ರ ಅಲ್ಲೇ ಎದ್ದು ನಿಂತು ಹೇಳು."

"ಹೇಳ್ತಾಳ್ರಿ ಈಕಿ, ಬಿಡೂದಿಲ್ಲ," ಎಂದಳು ಹಿಂದಿನ ಸೀಟಿನವಳು. ಅವರ ಮುಖ ಸಡಿಲವಾಯಿತು. ಕೋಮಲ್ ಫಾರಂ ಇಸಿದುಕೊಂಡಳು. ಒಬ್ಬೊಬ್ಬರಾಗಿ ಉಳಿದವರೂ ಇಸಿದುಕೊಂಡರು.

ಕಂಡಕ್ಟರು ಗಡಿಯಾರ ನೋಡಿಕೊಂಡ. "ಬಾಯಿ, ನಿಮ್ಮ ಕಾಲೇಜು ಬಸ್ಸಿನ್ಯಾಗ ನಡಸ್ತೀರೇನ್ರಿ ಇನ್ನ?"

"ಐದು ನಿಮಿಷ ತಡೀರಿ ಅಣ್ಣಾ."

"ತಡೀತೀನಿ ತೊಗೋರಿ. ನಂದೂ ಹನ್ನೆರಡನೇ ಇಯತ್ತಾ ಕೆಮಿಸ್ಟ್ರಿಯೊಳಗ ಹೋಗಿತ್ತು," ಎಂದು ತನ್ನ ಪೆನ್ನು ತೆಗೆದುಕೊಟ್ಟ. ಬಸ್ಸು ಹೊರಡಲಿಲ್ಲ. ಮುದುಕಿಯರು ಗೊಣಗಿದರು. ಐದು ಫಾರಂ ತೊಡೆಯ ಮೇಲೆ, ಚೀಲದ ಮೇಲೆ, ಟೊಮೆಟೊ ಬುಟ್ಟಿಯ ಅಂಚಿನ ಮೇಲೆ ತುಂಬಿದವು. ಇಪ್ಪತ್ತನಾಲ್ಕು. ಶಾಖೆ ಉಳಿಯಿತು. ನನ್ನ ಕಣ್ಣು ಮಂಜಾಯಿತು, ಬೆವರು ಒರೆಸಿಕೊಳ್ಳುವವಳಂತೆ ಸೆರಗಿನಿಂದ ಒರೆಸಿಕೊಂಡೆ. ಕೆಳಗೆ ಕಿಟಕಿಯ ಹತ್ತಿರ ರೇಷ್ಮಾ ನಿಂತು, ಯಾರು ಯಾವ ಖಾನೆ ಖಾಲಿ ಬಿಟ್ಟಿದ್ದಾರೆ ಎಂದು ನೋಡಿ ಹೇಳುತ್ತಿದ್ದಳು.

ಫಾರಂಗಳನ್ನು ಜೋಡಿಸಿಕೊಂಡು ಇಳಿಯಲು ಹೊರಟಾಗ ಕೋಮಲ್ ನನ್ನ ಸೆರಗು ಹಿಡಿದಳು.

"ಮ್ಯಾಡಮ್, ನಮ್ಮ ಅಕ್ಕನೂ ನಿಮ್ಮ ಕೈಯಾಗ ಕಲ್ತಾಕಿರಿ. ಸುರೇಖಾ ಖಾಡೆ. ಮೂರು ವರ್ಷದ ಹಿಂದ."

ನನಗೆ ಮುಖ ನೆನಪಾಗಲಿಲ್ಲ. ಅಕ್ಷರ ನೋಡಿದರೆ ಹೆಸರು ಹೇಳುತ್ತೇನೆ ಎನ್ನುವವಳಿಗೆ ಹೆಸರು ಹೇಳಿದರೂ ಮುಖ ಬರಲಿಲ್ಲ.

"ಆಕೀದು ಮ್ಯಾಥ್ಸ್ ಒಂದ ಉಳಿದಿತ್ರಿ," ಎಂದಳು ಕೋಮಲ್. "ಅಕ್ಟೋಬರಿನ್ಯಾಗ ಕಟ್ಟಿ ಪಾಸೂ ಆದ್ಲು. ಆದ್ರ ತಿರುಗಿ ಬರ್ಲಿಲ್ಲ. ಆಕಿ ಕೆಮಿಸ್ಟ್ರಿ ಜರ್ನಲ್ ಇನ್ನೂ ಇಟ್ಟಾಳ್ರಿ ಮನ್ಯಾಗ. ಆಕಿಗೂ ನೀವು ಹಂಗ ಅಂದಿದ್ರೇನ್ರಿ?"

"ಅಂದಿದ್ದೆ," ಎಂದೆ. "ಎಲ್ಲಾರಿಗೂ ಅಂದಿದ್ದೆ."

ಕಂಡಕ್ಟರು ಗಂಟೆ ಹೊಡೆದ. ನನ್ನ ಕೈಯಲ್ಲಿ ತುಂಬಿದ ಐದು ಫಾರಂ ಇದ್ದವು, ಖಾಲಿಯವು ಇನ್ನೂ ಮೂರು ಉಳಿದಿದ್ದವು. ಒಂದನ್ನು ಕೋಮಲ್‌ಳ ಕೈಗೆ ಕೊಟ್ಟೆ. ಮೂರು ವರ್ಷದ ಮೇಲೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಗೊತ್ತಿರಲಿಲ್ಲ, ನಿಂಬಾಳಕರ್ ಸರ್ ಕಾಲು ಹಿಡಿದಾದರೂ ಕೇಳುತ್ತೇನೆ ಎಂದುಕೊಂಡೆ.

"ಇದನ್ನ ಅಕ್ಕಗ ಕೊಡು," ಎಂದೆ. "ಮ್ಯಾಡಮ್ ಬಾ ಅಂದಾರ ಅಂತ ಹೇಳು."